ಮಾರ್ಗ ಮೇಲೇರಿದ ಪೇಟೆ

ಕಾಸರಗೋಡು ಪೇಟೆಗೆ ಬರುತ್ತೇನೆಂದು ಯಾರಾದರೂ ಫೋನ್ ಮಾಡಿದರೆ ಇಲ್ಲಿಯವರು ಮೊದಲು ಕೇಳುವುದು, ಹಳೆ ಬಸ್ ಸ್ಟಾಂಡಿಗೋ ಹೊಸ ಬಸ್ ಸ್ಟಾಂಡಿಗೋ ಎಂದು. ಎರಡರ ನಡುವೆ ಎಂ.ಜಿ. ರಸ್ತೆ, ನಡೆದು ಹೋಗುವಷ್ಟೇ ದೂರ. ಹಳೆ ಸ್ಟಾಂಡಿನ ಸುತ್ತ ಬ್ಯಾಂಕ್ ರಸ್ತೆ, ಜವಳಿ ಅಂಗಡಿಗಳು, ಮೀನು ಮಾರ್ಕೆಟು, ಅಲ್ಲಿಂದಲೇ ರೈಲ್ವೇ ಸ್ಟೇಷನ್ನಿಗೂ ತಳಂಗರೆಗೂ ಚಂದ್ರಗಿರಿ ಸಂಕಕ್ಕೂ ಒಡೆಯುವ ದಾರಿಗಳು. ಹೊಸ ಸ್ಟಾಂಡು ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿದೆ. ಈಗ ಅದರ ಎದುರಿಗೆ ಹೆದ್ದಾರಿ ತಲೆಯ ಮೇಲಿಂದ ಹೋಗುತ್ತದೆ. ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯ ಕಡೆಗೆ ಒಂದು ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಮೇಲ್ಸೇತುವೆ. ಆರು ಲೇನುಗಳ ಅಗಲವನ್ನು ನಡುವಿನ ಒಂದೇ ಸಾಲು ಕಂಬಗಳು ಹೊತ್ತಿವೆ. ಮಂಗಳೂರಿನಿಂದ ಕಣ್ಣೂರಿಗೆ ಹೋಗುವವನಿಗೆ ಇನ್ನು ಕಾಸರಗೋಡಿನ ನೆಲ ಮುಟ್ಟಬೇಕಾದ ಅಗತ್ಯವೇ ಇಲ್ಲ.

ಮಾರ್ಗದಿಂದಲೇ ಬೆಳೆದ ಪೇಟೆಗೆ ಇದು ಸಣ್ಣ ಸಂಗತಿಯಲ್ಲ. ಮಾರ್ಗ ಎಲ್ಲಿ ಹಾದುಹೋಗಬೇಕು, ಎಷ್ಟು ಅಗಲವಿರಬೇಕು, ಯಾವ ಊರಿನ ಅಧಿಕಾರಿ ಅದಕ್ಕೆ ಸಹಿ ಹಾಕಬೇಕು ಎಂಬುದೆಲ್ಲ ಇನ್ನೂರು ವರ್ಷಗಳಿಂದ ಕಾಸರಗೋಡಿನ ಹೊರಗೆ ತೀರ್ಮಾನವಾಗುತ್ತ ಬಂದಿದೆ. ಆ ತೀರ್ಮಾನಗಳ ಜೊತೆ ಬದುಕು ಕಟ್ಟಿಕೊಂಡದ್ದೇ ಈ ಊರಿನ ಚರಿತ್ರೆ.

ಪೇಟೆಯ ನೆಲ ಹೀಗಿದೆ. ಪಡುವಣಕ್ಕೆ ಕಡಲು, ಕಡಲಿನ ಬದಿಗೆ ನೆಲ್ಲಿಕುಂಜೆ, ಕಸಬಾ. ತೆಂಕಣಕ್ಕೆ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಪಯಸ್ವಿನಿಯಾಗಿ ಹರಿದುಬಂದು ಚಂದ್ರಗಿರಿ ಎನಿಸಿಕೊಂಡು ತಳಂಗರೆಯ ಹತ್ತಿರ ಕಡಲು ಸೇರುವ ಹೊಳೆ. ಮೂಡಣಕ್ಕೆ ಮುರಕಲ್ಲಿನ ಗುಡ್ಡೆಗಳು, ಅಡ್ಕಗಳು, ನಡುನಡುವೆ ಬೈಲುಗಳು. ಹೊಳೆಯ ಆಚೆ ದಡದ ಚಂದ್ರಗಿರಿ ಕೋಟೆಯನ್ನು 17ನೇ ಶತಮಾನದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಈ ಹೊಳೆಯನ್ನು ತುಳುವ ಮತ್ತು ಮಲಯಾಳ ನಾಡುಗಳ ಗಡಿ ಎಂದು ಬರೆದುಕೊಂಡ. ಹೊಳೆಯ ಬಾಯಿಯಲ್ಲಿ ತಳಂಗರೆ: ಮಾಲಿಕ್ ದೀನಾರ್ ಮಸೀದಿ, ಹಳೆಯ ಕಡಲ ವ್ಯಾಪಾರ, ಕೈಕಸುಬಿನ ಟೊಪ್ಪಿಗಳಿಗೆ ಹೆಸರಾದ ಓಣಿಗಳು. ಪೇಟೆಯ ನಡುವೆ ಮಲ್ಲಿಕಾರ್ಜುನ ದೇವಸ್ಥಾನ. ಶಾಲಿಯ ನೇಕಾರರ ಕಾಸರಗೋಡು ಸೀರೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅವರ ಸಹಕಾರ ಸಂಘ 1938ರಷ್ಟು ಹಳೆಯದು.

ಬ್ರಿಟಿಷರ ಕಾಲದಲ್ಲಿ ಮೊದಲು ತಾಲೂಕಿನ ಕೇಂದ್ರವಾಗಿದ್ದುದು ಬೇಕಲ. ಆಮೇಲೆ ಅದು ಕಾಸರಗೋಡಿಗೆ ಬಂತು. ಕಚೇರಿ ಬಂದಲ್ಲಿಗೆ ವಕೀಲರು, ವಕೀಲರ ಹಿಂದೆ ಹೋಟೆಲು, ಬಾಸೆಲ್ ಮಿಶನ್ನಿನ ಶಾಲೆ, ಸರ್ಕಾರಿ ಹೈಸ್ಕೂಲು. 1907ರಲ್ಲಿ ರೈಲುದಾರಿ ಮಂಗಳೂರನ್ನು ಮುಟ್ಟಿದಾಗ ಕಾಸರಗೋಡು ಅದರ ಮೇಲಿನ ಒಂದು ಸ್ಟೇಷನ್ ಆಯಿತು. 1916ರಲ್ಲಿ ಕೂಡ್ಲಿನ ಬಳಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾಯಿತು. ಇವತ್ತಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅದೇ. ಆಗ ಜಿಲ್ಲೆ ದಕ್ಷಿಣ ಕನ್ನಡ, ಕಲೆಕ್ಟರ್ ಕೂರುವುದು ಐವತ್ತು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ. ಬೆಳಿಗ್ಗೆ ರೈಲು ಹತ್ತಿ ಸಂಜೆಗೆ ಕೆಲಸ ಮುಗಿಸಿ ಬರಬಹುದಾದ ದೂರ.

1956ರ ನವೆಂಬರ್ 1ರಂದು ಅದು ಬದಲಾಯಿತು. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಮರುವರ್ಷ ಕಣ್ಣೂರು ಜಿಲ್ಲೆಯ ತಾಲೂಕಾಯಿತು. ಅದರ ವಿರುದ್ಧ ನಡೆದ ಹೋರಾಟ, 1967ರ ಮಹಾಜನ ಆಯೋಗದ ವರದಿ, ಚಂದ್ರಗಿರಿಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂಬ ಅದರ ಶಿಫಾರಸು, ಆ ಶಿಫಾರಸು ಕಡತದಲ್ಲೇ ಉಳಿದದ್ದು, ಇವೆಲ್ಲ ಕನ್ನಡ ಓದುಗರಿಗೆ ಗೊತ್ತಿರುವ ಕಥೆ. ಕಡಿಮೆ ಮಾತಿಗೆ ಬಂದದ್ದು ಈ ಗಡಿಗೆರೆ ಪೇಟೆಯ ಮೈಯನ್ನು ಬದಲಿಸಿದ ರೀತಿ. ಭಾಷೆಯ ಸಂಕಟದ ಬಗ್ಗೆ ನಾವು ತುಂಬ ಬರೆದಿದ್ದೇವೆ. ಅದೇ ಸಂಕಟ ಬಸ್ ಸ್ಟಾಂಡು, ನಲ್ಲಿ, ಆಸ್ಪತ್ರೆಗಳಲ್ಲಿ ಹೇಗೆ ಕಾಣಿಸಿಕೊಂಡಿತು ಎಂಬುದನ್ನು ಅಷ್ಟು ಬರೆದಿಲ್ಲ.

ಪೇಟೆ ಉದ್ದಕ್ಕೆ ಬೆಳೆಯಿತು. 1957ರಲ್ಲಿ ಸರ್ಕಾರಿ ಕಾಲೇಜು ಬಂತು. ಅದು ನೆಲೆ ನಿಂತ ಗುಡ್ಡೆ ವಿದ್ಯಾನಗರವಾಯಿತು. ಆ ಕಾಲೇಜಿನ ಕನ್ನಡ ವಿಭಾಗ ಗಡಿನಾಡಿಗೆ ಎರಡು ತಲೆಮಾರಿನ ಮೇಷ್ಟರುಗಳನ್ನೂ ಬರಹಗಾರರನ್ನೂ ಕೊಟ್ಟಿತು. 1966ರಲ್ಲಿ ಕಾಸರಗೋಡು ನಗರಸಭೆಯಾಯಿತು. 1984ರ ಮೇ 24ರಂದು ಜಿಲ್ಲೆಯೂ ಆದಾಗ ಕಲೆಕ್ಟರ ಕಚೇರಿಗೆ ಬೇಕಾದ ಜಾಗ ಹಳೆ ಪೇಟೆಯಲ್ಲಿರಲಿಲ್ಲ. ಅದೂ ಹೆದ್ದಾರಿ ಹಿಡಿದು ವಿದ್ಯಾನಗರದ ಗುಡ್ಡೆ ಹತ್ತಿತು. ಹೀಗೆ ಅಡ್ಕತ್ತಬೈಲು, ಕರಂದಕ್ಕಾಡು, ನುಳ್ಳಿಪ್ಪಾಡಿ, ಅಣಂಗೂರು, ವಿದ್ಯಾನಗರ, ನಾಯಮ್ಮಾರಮೂಲೆ, ಚೆರ್ಕಳ ಎಂದು ಒಂದರ ಬಾಲಕ್ಕೆ ಒಂದು ಸೇರಿ ಹೆದ್ದಾರಿಯೇ ಊರಿನ ದೊಡ್ಡ ಬೀದಿಯಾಯಿತು. ಮಗುವನ್ನು ಶಾಲೆಗೆ ಬಿಡುವುದು, ಮೀನು ತರುವುದು, ಮದುವೆಗೆ ಚಿನ್ನ ಕೊಳ್ಳುವುದು, ಅರ್ಜಿ ಕೊಡುವುದು ಎಲ್ಲ ಅದನ್ನು ದಾಟಿಯೇ. 2011ರ ಜನಗಣತಿಯಲ್ಲಿ ನಗರಸಭೆಯ ಜನಸಂಖ್ಯೆ 54,172. ಹಗಲಿನ ಹೊತ್ತು ಬದಿಯಡ್ಕ, ಮುಳ್ಳೇರಿಯ, ಕುಂಬಳೆಗಳಿಂದ ಬಂದು ಹೋಗುವ ಜನ ಆ ಲೆಕ್ಕದಲ್ಲಿಲ್ಲ.

ಈ ಬೀದಿಯನ್ನೇ ಆರು ಲೇನಿನ ಹೆದ್ದಾರಿ ಮಾಡುವುದೆಂದಾಗ ಎದ್ದ ಮೊದಲ ಜಗಳ ಅಗಲದ್ದು. ಬೇರೆ ರಾಜ್ಯಗಳಲ್ಲಿ 60 ಮೀಟರ್. ಮನೆಗಳು ಒತ್ತೊತ್ತಾಗಿರುವ ಕೇರಳದಲ್ಲಿ 2010ರಲ್ಲಿ ಸರ್ವಪಕ್ಷ ಸಭೆ ಕೂತು 30 ಮೀಟರ್ ಸಾಕೆಂದಿತು, ಕೇಂದ್ರ ಒಪ್ಪಲಿಲ್ಲ, ಕೊನೆಗೆ 45ಕ್ಕೆ ನಿಂತಿತು. ನೆಲದ ಬೆಲೆ ಹೆಚ್ಚೆಂದು ಭೂಸ್ವಾಧೀನದ ಖರ್ಚಿನಲ್ಲಿ ಕಾಲು ಪಾಲನ್ನು ರಾಜ್ಯವೇ ಕೊಡಬೇಕಾಯಿತು. 2020ರ ಅಕ್ಟೋಬರಿನಲ್ಲಿ ಶಿಲಾನ್ಯಾಸ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರನ್ನು ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ ಗುತ್ತಿಗೆ ಹಿಡಿಯಿತು. ಕೇರಳದ ಹೆದ್ದಾರಿಯಲ್ಲಿ ಬೇಗ ಮುಗಿದ ತುಂಡುಗಳಲ್ಲಿ ಇದು ಮುಂಚೂಣಿಯದು. ಕೆಲಸ ಚೊಕ್ಕವಾಗಿ ನಡೆಯಿತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಮಾರ್ಗದ ಬದಿಯ ಅಂಗಡಿ ಕಟ್ಟಡದ ಯಜಮಾನನಿಗೆ ನೆಲದ ಬೆಲೆಯೂ ಸಿಕ್ಕಿತು. ಅದೇ ಕಟ್ಟಡದಲ್ಲಿ ಬಾಡಿಗೆಗಿದ್ದು ಹತ್ತಿಪ್ಪತ್ತು ವರ್ಷ ಗಿರಾಕಿಗಳನ್ನು ಸಂಪಾದಿಸಿದ್ದ ದರ್ಜಿಗೆ, ಸೈಕಲ್ ರಿಪೇರಿಯವನಿಗೆ ಆ ಗಿರಾಕಿಗಳ ಬೆಲೆ ಕಟ್ಟಿಕೊಡುವ ಕಾಯ್ದೆ ಇಲ್ಲ.

ಎರಡನೆಯ ಜಗಳ ಇನ್ನೂ ಆಳದ್ದು: ಕಂಬವೋ, ಗೋಡೆಯೋ? ಹೆದ್ದಾರಿಯನ್ನು ಎತ್ತರಿಸಲು ಎರಡು ದಾರಿ. ಎರಡೂ ಬದಿ ಕಾಂಕ್ರೀಟ್ ಹಲಗೆಗಳ ಗೋಡೆ ಕಟ್ಟಿ ನಡುವೆ ಮಣ್ಣು ತುಂಬುವುದು ಒಂದು. ಕಂಬಗಳ ಮೇಲೆ ಸೇತುವೆ ಒಯ್ಯುವುದು ಇನ್ನೊಂದು. ಮಣ್ಣಿನದ್ದು ಅಗ್ಗ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗುಡ್ಡೆಯ ನೀರೆಲ್ಲ ಮೂಡಣದಿಂದ ಪಡುವಣಕ್ಕೆ ತೋಡುಗಳಲ್ಲಿ ಇಳಿಯಬೇಕಾದ ಕರಾವಳಿಯಲ್ಲಿ, ತೆಂಕು ಬಡಗಾಗಿ ಕಿಲೋಮೀಟರುಗಟ್ಟಲೆ ಮಣ್ಣಿನ ಗೋಡೆ ಎಬ್ಬಿಸಿದರೆ ಏನಾಗುತ್ತದೆಂದು ಹೇಳಲು ಇಂಜಿನಿಯರ್ ಬೇಕಿಲ್ಲ. 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಇದೇ ಹೆದ್ದಾರಿಯ ಎತ್ತರಿಸಿದ ಭಾಗ ಕುಸಿಯಿತು. ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಅದೇ ಮಳೆಗಾಲದಲ್ಲಿ ಕಡಿದ ಗುಡ್ಡೆ ಜರಿಯಿತು. ಮೇಲ್ಸೇತುವೆ ಬೇಕೆಂದು ಅಲ್ಲಲ್ಲಿ ಧರಣಿ ಕೂತಿದ್ದವರ ಮಾತಿನ ತೂಕ ಆಮೇಲೆ ಎಲ್ಲರಿಗೂ ತಿಳಿಯಿತು.

ಕಾಸರಗೋಡು ಪೇಟೆಯ ನಡುಭಾಗಕ್ಕೆ ಕಂಬ ಸಿಕ್ಕಿತು. ಅದು ಈ ಊರಿನ ಪುಣ್ಯ. ಸೇತುವೆಯಡಿ ಈ ಬದಿಯಿಂದ ಆ ಬದಿಗೆ ನೋಟ ಹಾಯುತ್ತದೆ, ಜನ ಹಾಯುತ್ತಾರೆ. ಸೇತುವೆ ಇಳಿದು ಮುಗಿದಲ್ಲಿಂದ ಕಷ್ಟ ಶುರು. ನುಳ್ಳಿಪ್ಪಾಡಿಯ ಜನ ದಾಟಲು ದಾರಿ ಬೇಕೆಂದು ಕ್ರಿಯಾ ಸಮಿತಿ ಕಟ್ಟಿ ಕೆಲಸಕ್ಕೆ ಅಡ್ಡ ನಿಂತದ್ದು ಹಟಕ್ಕಲ್ಲ. ಎದುರು ಬದಿಯ ಅಂಗಡಿಗೆ ಹೋಗಲು ಸರ್ವೀಸ್ ರಸ್ತೆ ಹಿಡಿದು ಅಂಡರ್‌ಪಾಸ್ ಹುಡುಕಿ ಸುತ್ತಿ ಬರಬೇಕೆಂದರೆ, ಕಾರಿದ್ದವನಿಗೆ ಅದು ಎರಡು ನಿಮಿಷ. ಮಂಡಿನೋವಿನ ಅಜ್ಜಿಗೆ ಅಂಗಡಿಯೇ ಬೇಡವೆನಿಸುವ ದೂರ. ನಕ್ಷೆ ಬರೆಯುವಾಗ ಲಾರಿಯ ವೇಗವನ್ನು ಲೆಕ್ಕ ಹಾಕುತ್ತಾರೆ. ಅಜ್ಜಿಯ ನಡಿಗೆಯನ್ನೂ ಹಾಕಬೇಕು. ಬಡಗಣದಲ್ಲಿ ಕುಂಬಳೆಯ ಆರಿಕ್ಕಾಡಿಯಲ್ಲಿ ಟೋಲ್ ಬೂತ್ ಕಟ್ಟಲು ಹೊರಟಾಗ ಇನ್ನೊಂದು ಹೋರಾಟ ಎದ್ದಿತು. ಎರಡು ಟೋಲ್‌ಗಳ ನಡುವೆ 60 ಕಿಲೋಮೀಟರ್ ಇರಬೇಕೆಂಬುದು ಸಾಮಾನ್ಯ ನಿಯಮ, ತಲಪಾಡಿಯ ಟೋಲ್ ಅಲ್ಲಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲೇ ಇದೆ. ಮಂಗಳೂರಿಗೆ ಕಾಲೇಜಿಗೂ ಕೆಲಸಕ್ಕೂ ದಿನಾ ಹೋಗಿಬರುವ ಊರಿಗೆ ಆ ಲೆಕ್ಕ ತಿಂಗಳ ಖರ್ಚಿನ ಲೆಕ್ಕ.

ಮಂಗಳೂರಿಗೆ ಹೋಗುವುದು ಬರಿಯ ಅಭ್ಯಾಸದಿಂದಲ್ಲ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಹೆದರಿ ಕರ್ನಾಟಕ ಗಡಿಯ ಮಾರ್ಗಗಳಿಗೆ ಮಣ್ಣು ಸುರಿದಾಗ, ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತಾಗ, ದೊಡ್ಡ ಆಸ್ಪತ್ರೆ ಇಲ್ಲದ ಜಿಲ್ಲೆಯೆಂದರೆ ಏನೆಂದು ಇಡೀ ದೇಶಕ್ಕೆ ಕಂಡಿತು. ಚಿಕಿತ್ಸೆ ಸಿಗದೆ ಸತ್ತವರಲ್ಲಿ ಕನ್ನಡದವರೂ ಇದ್ದರು, ಮಲಯಾಳದವರೂ ಇದ್ದರು. ಬದಿಯಡ್ಕದ ಆಚೆ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಎಂ.ಬಿ.ಬಿ.ಎಸ್. ಸೀಟುಗಳಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಹನ್ನೆರಡು ವರ್ಷ! ಹೆದ್ದಾರಿಗೆ ಐದು ವರ್ಷ ಸಾಕಾದಲ್ಲಿ ಆಸ್ಪತ್ರೆಗೆ ಯಾಕೆ ಇಷ್ಟು ಕಾಲ ಬೇಕಾಯಿತು ಎಂದು ಕೇಳುವ ಹಕ್ಕು ಈ ಊರಿಗಿದೆ.

ನೀರಿನ ಕಥೆಯೂ ಹೀಗೇ ಎಳೆದದ್ದು. ಪೇಟೆಯ ನಲ್ಲಿಗಳಿಗೆ ನೀರು ಬರುವುದು ಪಯಸ್ವಿನಿಯ ಬಾವಿಕ್ಕೆರೆಯಿಂದ. ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದ ಕೂಡಲೇ ಕಡಲಿನ ಉಪ್ಪುನೀರು ಮೇಲಕ್ಕೇರಿ ಪಂಪ್‌ಹೌಸ್ ಮುಟ್ಟುತ್ತಿತ್ತು. ವರ್ಷ ವರ್ಷ ಮರಳು ಚೀಲದ ತಾತ್ಕಾಲಿಕ ಒಡ್ಡು ಕಟ್ಟುವುದು, ಮಳೆಗೆ ಅದು ಕೊಚ್ಚಿಹೋಗುವುದು, ಅಷ್ಟರಲ್ಲಿ ನಲ್ಲಿಯಲ್ಲಿ ಉಪ್ಪು. ಚಹಾ ಮಾಡಿದರೆ ಹಾಲು ಒಡೆಯುವ ನೀರನ್ನು ಪೇಟೆಯ ಹೆಂಗಸರು ಎಷ್ಟೋ ಬೇಸಿಗೆ ಸಹಿಸಿಕೊಂಡರು. ಶಾಶ್ವತ ಅಣೆಕಟ್ಟಿನ ಕೆಲಸ ಶುರುವಾಗಿ, ನಿಂತು, ಮತ್ತೆ ಶುರುವಾಗಿ ಮುಗಿದದ್ದು 2021ರಲ್ಲಿ. ಕಾಸರಗೋಡಿನ ಇತ್ತೀಚಿನ ಚರಿತ್ರೆಯಲ್ಲಿ ಜನರ ಬಾಯಿಗೆ ನೇರವಾಗಿ ಮುಟ್ಟಿದ ಕೆಲಸ ಯಾವುದೆಂದು ಕೇಳಿದರೆ ನಾನು ಮೇಲ್ಸೇತುವೆಗಿಂತ ಮೊದಲು ಇದನ್ನು ಹೇಳುತ್ತೇನೆ.

ಕೇರಳದ ಯಾತ್ರೆಗಳೆಲ್ಲ ಹೊರಡುವುದು ಇಲ್ಲಿಂದ. ತಿರುವನಂತಪುರಕ್ಕೆ ಹೋಗುವ ರಾಜಕೀಯ ಪಕ್ಷಗಳ ಜಾಥಾ ಇರಲಿ, 2023ರಲ್ಲಿ ಓಡಲು ಶುರುವಾದ ವಂದೇ ಭಾರತ್ ರೈಲಿರಲಿ, ಅದಕ್ಕೂ ಮೊದಲು ಹಳದಿ ಕಲ್ಲು ನೆಟ್ಟು ಜನರ ಸಿಟ್ಟಿಗೆ ಗುರಿಯಾಗಿ ನಿಂತ 529 ಕಿಲೋಮೀಟರಿನ ಸಿಲ್ವರ್‌ಲೈನ್ ರೈಲು ಯೋಜನೆ ಇರಲಿ, ಒಂದು ತುದಿಗೆ ಕಾಸರಗೋಡಿನ ಹೆಸರು ಇದ್ದೇ ಇದೆ. ಹೆಸರು ತುದಿಯಲ್ಲಿದ್ದರೆ ಸಾಲದು, ತೀರ್ಮಾನದಲ್ಲಿ ಪಾಲೂ ಬೇಕು ಎಂಬ ಮಾತು ಇಲ್ಲಿನ ಮಲಯಾಳಿಗಳ ಬಾಯಲ್ಲೂ ಇದೆ. ಜಿಲ್ಲೆಯ ಹಿಂದುಳಿದಿರುವಿಕೆಯನ್ನು ಅಳೆಯಲು 2012ರಲ್ಲಿ ಪಿ. ಪ್ರಭಾಕರನ್ ಆಯೋಗವನ್ನು ನೇಮಿಸಬೇಕಾಗಿ ಬಂತು, ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಎಂಬುದು ಹುಟ್ಟಿದ್ದು ಅದರ ವರದಿಯಿಂದಲೇ. ಈ ವಿಷಯದಲ್ಲಿ ತುಳುವಿನವನು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳಿ ಎಲ್ಲ ಒಂದೇ ದೋಣಿಯವರು.

ಕನ್ನಡದವರಿಗೆ ಅದರ ಮೇಲೆ ಇನ್ನೊಂದು ಹೊರೆ. ಯೋಜನೆಯ ಕಾಗದ ಮಲಯಾಳದಲ್ಲಿ ಬರುತ್ತದೆ. ಭೂಸ್ವಾಧೀನದ ನೋಟೀಸು ಓದಿಸಿಕೊಳ್ಳಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾದ ಮುದುಕರಿಗೆ ಆಕ್ಷೇಪ ಸಲ್ಲಿಸುವ ದಿನ ಯಾವಾಗ ಮುಗಿಯಿತೆಂದೇ ತಿಳಿಯುವುದಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವೆಂದಾಗ ಕಲೆಕ್ಟರ ಕಚೇರಿಯ ಎದುರು ಸೇರಿದ ಜನ, 2021ರಲ್ಲಿ ಊರುಗಳ ಕನ್ನಡ ಹೆಸರು ಬದಲಾಗುತ್ತಿದೆಯೆಂಬ ಸುದ್ದಿಗೆ ಎದ್ದ ಕಳವಳ, ಅಂಥ ತೀರ್ಮಾನವೇ ಇಲ್ಲವೆಂದ ಕೇರಳದ ಉತ್ತರ, ಇವು ಸುದ್ದಿಯಾದವು. ನೋಟೀಸಿನ ಕಥೆ ಸುದ್ದಿಯಾಗುವುದಿಲ್ಲ.

ಈಗ ಪೇಟೆಯ ಮುಂದಿರುವ ಚರ್ಚೆ ಸೇತುವೆಯ ಅಡಿಯದ್ದು. ಒಂದು ಕಿಲೋಮೀಟರ್ ಉದ್ದದ, ಮಳೆ ಬಿಸಿಲು ತಾಗದ ಜಾಗ ನಡುಪೇಟೆಯಲ್ಲಿ ಒಮ್ಮೆಗೇ ಹುಟ್ಟಿಕೊಂಡಿದೆ. ವಾಹನ ನಿಲ್ಲಿಸಲು ಕೊಡುವುದೇ, ಹಣ್ಣು, ಬಟ್ಟೆ, ಚಪ್ಪಲಿ ಮಾರುವ ಬೀದಿ ವ್ಯಾಪಾರಿಗಳಿಗೆ ಕೊಡುವುದೇ, ಮಕ್ಕಳ ಆಟಕ್ಕೂ ಸಂಜೆಯ ಯಕ್ಷಗಾನಕ್ಕೂ ಕೋಲ್ಕಳಿಗೂ ಒಂದಷ್ಟು ಬಿಡುವುದೇ? ನನ್ನ ಮತ ಬೀದಿ ವ್ಯಾಪಾರಿಗಳ ಕಡೆ. 2014ರ ಕೇಂದ್ರ ಕಾಯ್ದೆಯಂತೆ ವ್ಯಾಪಾರಿಗಳ ಪ್ರತಿನಿಧಿಗಳೂ ಇರುವ ಸಮಿತಿ ಅವರ ಜಾಗದ ತೀರ್ಮಾನದಲ್ಲಿ ಪಾಲು ಪಡೆಯಬೇಕು. ಕಾರುಗಳಿಗೆ ಊರು ಆಗಲೇ 45 ಮೀಟರ್ ಕೊಟ್ಟಾಗಿದೆ. ಜಾಗ ಹೆದ್ದಾರಿ ಪ್ರಾಧಿಕಾರದ್ದು, ಅದರ ಒಪ್ಪಿಗೆ ಬೇಕು ಎಂಬುದು ನಿಜ. ಆದರೆ ಒಪ್ಪಿಗೆ ಕೇಳುವ ಮೊದಲು ಏನನ್ನು ಕೇಳಬೇಕೆಂದು ವಾರ್ಡುಗಳಲ್ಲಿ ಸಭೆ ಕರೆದು ತೀರ್ಮಾನಿಸಲು ನಗರಸಭೆಗೆ ಯಾರ ಒಪ್ಪಿಗೆಯೂ ಬೇಡ. 2025ರ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದು ಬಂದ ಸದಸ್ಯರ ಮುಂದಿರುವ ಕೆಲಸ ಇದು. ಸಭೆಯ ನೋಟೀಸು ಮಲಯಾಳದ ಜೊತೆ ಕನ್ನಡದಲ್ಲೂ ಇರಬೇಕು. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಇಲ್ಲಿನ ಕಚೇರಿಗಳಿಗೆ ಬರೆದು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೇರಳದ್ದೇ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಬೀರಂತಬೈಲಿನವರೂ ಅಡ್ಕತ್ತಬೈಲಿನವರೂ ತಮ್ಮ ಬೇಡಿಕೆಯನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ, ನಗರಸಭೆಯ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಲಿ.