ಪದಕದ ಮರುದಿನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ನೆನಪಿನ ಸಂಚಿಕೆಗೆ 'ಶಾಲೆಯ ಕ್ರೀಡಾ ಇತಿಹಾಸ'ದ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ಸಂತೋಷದಿಂದ ಒಪ್ಪಿಕೊಂಡೆ. ಇದೇ ಶಾಲೆಯಲ್ಲಿ ಓದಿ, ಮುಂದೆ ಇಲ್ಲೇ ಸಮಾಜ ವಿಜ್ಞಾನ ಶಿಕ್ಷಕನಾಗಿ ಹಲವು ವರ್ಷ ಪಾಠ ಹೇಳಿದವನು ನಾನು. ಕೆಲಸ ಸುಲಭವೆಂದೇ ಭಾವಿಸಿದ್ದೆ. ಮುಖ್ಯೋಪಾಧ್ಯಾಯರ ಕೊಠಡಿಯ ಕಬ್ಬಿಣದ ಬೀರುವಿನಲ್ಲಿ ಕ್ರೀಡಾ ರಿಜಿಸ್ಟರ್ ಇದೆ. ಅದನ್ನು ನೋಡಿ ಹೆಸರುಗಳನ್ನು ಬರೆದುಕೊಂಡರೆ ಲೇಖನ ಮುಗಿಯಿತು ಎಂದುಕೊಂಡಿದ್ದೆ.

ರಿಜಿಸ್ಟರ್ ಸಿಕ್ಕಿತು. ಗೆದ್ದಲು ಸ್ವಲ್ಪ ತಿಂದಿದ್ದರೂ ಓದಲು ಅಡ್ಡಿಯಿಲ್ಲ. ವರ್ಷ, ವಿದ್ಯಾರ್ಥಿಯ ಹೆಸರು, ತರಗತಿ, ಸ್ಪರ್ಧೆ, ಸ್ಥಾನ ಎಂದು ಐದು ಕಾಲಂಗಳು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಕೆಂಪು ಶಾಯಿಯಲ್ಲಿ ಶೀರ್ಷಿಕೆಗಳು. ಪುಟ ತಿರುವುತ್ತಾ ಹೋದಂತೆ ಒಂದು ವಿಷಯ ಮನಸ್ಸಿಗೆ ಬಂತು. ಗೆದ್ದವರು ಮುಂದೇನಾದರು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ನಮ್ಮ ಶಾಲೆಯ ರಿಜಿಸ್ಟರ್ ಮಾತ್ರ ಹೀಗಲ್ಲ. ಕ್ರೀಡೆಯ ಇತಿಹಾಸವನ್ನು ನಾವೆಲ್ಲ ಬರೆಯುವುದೇ ಹೀಗೆ. ಪದಕ ಕೊರಳಿಗೆ ಬಿದ್ದ ದಿನಕ್ಕೆ ಕಥೆ ನಿಲ್ಲುತ್ತದೆ. ಮರುದಿನ ಆ ಮನುಷ್ಯ ಎದ್ದು ಎಲ್ಲಿಗೆ ಹೋದ, ಏನು ಕೆಲಸ ಮಾಡಿದ, ಯಾರು ಅನ್ನ ಹಾಕಿದರು ಎಂದು ಕೇಳುವವರು ಕಡಿಮೆ. ಹಾಗಾಗಿ ಈ ಲೇಖನದಲ್ಲಿ ಆ ಮರುದಿನದ ಬಗ್ಗೆ ಬರೆಯಲು ಯತ್ನಿಸಿದ್ದೇನೆ.

ಇಂದಿನ ವಿದ್ಯಾರ್ಥಿಗಳಿಗೆ ಒಂದು ಮಾತು ತಿಳಿಸಬೇಕು. ನಮ್ಮ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ನಮ್ಮ ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಎಲ್ಲವೂ ಕೋಲಾರ ಜಿಲ್ಲೆಗೇ ಸೇರಿದ್ದವು. ಕ್ರೀಡಾಕೂಟಕ್ಕೆಂದು ಮಕ್ಕಳನ್ನು ಕರೆದುಕೊಂಡು ಚಿಂತಾಮಣಿಯ ಮೇಲೆ ಕೋಲಾರಕ್ಕೆ ಬಸ್ಸಿನಲ್ಲಿ ಹೋದದ್ದು ನನಗೆ ನೆನಪಿದೆ. ಗೌರಿಬಿದನೂರಿನ ಕಡೆಯ ಮಕ್ಕಳು ನಮಗಿಂತ ದೂರದವರು. ಹಿಂದಿನ ದಿನವೇ ಹೊರಟು ಬಂದು, ಯಾವುದೋ ಶಾಲೆಯ ಕೊಠಡಿಯಲ್ಲಿ ಚಾಪೆ ಹಾಸಿ ಮಲಗಿ, ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಓಡುತ್ತಿದ್ದರು. ಓದಿಗಾಗಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದ ಡಾ. ಎಚ್. ನರಸಿಂಹಯ್ಯನವರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಆಟಕ್ಕಾಗಿ ಓಡಿದವರ ಕಥೆ ಅಷ್ಟಾಗಿ ಗೊತ್ತಿಲ್ಲ.

ಅಂಥ ಒಬ್ಬರು ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್. ಜನನ 1940ರ ಏಪ್ರಿಲ್ 20. ಬೆಂಗಳೂರಿಗೆ ಬಂದು ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ದೂರವಾಣಿ ಉಪಕರಣ ತಯಾರಿಸುವ ಆ ಸರ್ಕಾರಿ ಕಾರ್ಖಾನೆಯ ಉದ್ಯೋಗಿ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್, 200 ಮೀಟರ್ ಮತ್ತು 4x100 ಮೀಟರ್ ರಿಲೇ ಓಡಿದರು. ರಿಲೇ ತಂಡ ಸೆಮಿಫೈನಲ್ ತಲುಪಿತು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ 4x100 ಮೀಟರ್ ರಿಲೇಯಲ್ಲಿ ಭಾರತಕ್ಕೆ ಕಂಚು ಬಂದಾಗ ಆ ತಂಡದಲ್ಲಿ ಅವರೂ ಇದ್ದರು. ಆಗ ಅವರಿಗೆ 30 ವರ್ಷ. ಓಟಗಾರನಿಗೆ ಅದು ಇಳಿವಯಸ್ಸೇ.

ಆ ಕಾಲದಲ್ಲಿ ಓಡಿ ಹಣ ಗಳಿಸುವಂತಿರಲಿಲ್ಲ. ಬಹುಮಾನದ ಹಣ ಪಡೆದರೆ ಒಲಿಂಪಿಕ್ಸ್‌ಗೆ ಅನರ್ಹರಾಗುವ ನಿಯಮವಿತ್ತು. ಹಾಗಾಗಿ ಬದುಕಿಗೆ ಆಧಾರವಾದದ್ದು ನೌಕರಿ. ಐ.ಟಿ.ಐ., ಎಚ್.ಎ.ಎಲ್., ರೈಲ್ವೆ, ಸೇನೆ, ಪೊಲೀಸ್ ಇಲಾಖೆ, ಬ್ಯಾಂಕುಗಳು ಆಟಗಾರರಿಗೆ ಕೆಲಸ ಕೊಟ್ಟಿದ್ದರಿಂದಲೇ ನಮ್ಮ ದೇಶದಲ್ಲಿ ಆ ಒಂದು ತಲೆಮಾರಿನ ಕ್ರೀಡೆ ಉಳಿಯಿತು ಎಂದರೆ ತಪ್ಪಾಗದು. ಪದಕ ಗೆದ್ದವರ ಹಿಂದೆ ತಿಂಗಳ ಸಂಬಳದ ಚೀಟಿ ಇರುತ್ತಿತ್ತು.

ಓಟ ನಿಲ್ಲಿಸಿದ ಮೇಲೆ ಪೊವೆಲ್ ಶಾಲಾ ಮಕ್ಕಳ ಕಡೆ ತಿರುಗಿದರು. ಬೆಂಗಳೂರಿನ ಶಾಲೆಗಳ ಮಕ್ಕಳಿಗಾಗಿ ಅಥ್ಲೆಟಿಕ್ ಕೂಟಗಳನ್ನು ನಡೆಸುವ ಬೆಂಗಳೂರು ಸ್ಕೂಲ್ಸ್ ಸ್ಪೋರ್ಟ್ಸ್ ಫೌಂಡೇಷನ್ ಕಟ್ಟುವುದರಲ್ಲಿ ತೊಡಗಿದರು. 2022ರ ಡಿಸೆಂಬರ್ 11ರಂದು, 82ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಮೈದಾನಕ್ಕೆ ಗೆರೆ ಹಾಕಿಸುವುದು, ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಯಾರು ಮೊದಲು ಬಂದರು ಎಂದು ಬರೆದಿಡುವುದು ಯಾರ ಕಣ್ಣಿಗೂ ದೊಡ್ಡದಾಗಿ ಕಾಣದ ಕೆಲಸಗಳು. ಆದರೆ ಅವು ನಡೆಯದಿದ್ದರೆ ಮುಂದಿನ ಓಟಗಾರ ಹುಟ್ಟುವುದಿಲ್ಲ.

ಎಲ್ಲರ ಮರುದಿನವೂ ಹೀಗೆ ಸಲೀಸಾಗಿರಲಿಲ್ಲ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ಮಹಾರಾಷ್ಟ್ರದ ಕುಸ್ತಿಪಟು ಖಾಶಾಬಾ ದಾದಾಸಾಹೇಬ್ ಜಾಧವ್. 1952ರ ಹೆಲ್ಸಿಂಕಿಯಲ್ಲಿ ಕಂಚು. ಅವರ ಪ್ರಯಾಣದ ಖರ್ಚಿಗೆ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟಿದ್ದರು. ಗೆದ್ದು ಬಂದಾಗ ಊರಿನವರು ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳಲ್ಲಿ ಮೆರವಣಿಗೆ ಮಾಡಿದರು. ಮೆರವಣಿಗೆ ಮುಗಿದ ಮೇಲೆ ಆ ಸಾಲ ತೀರಿಸಲು ಜಾಧವ್ ಕುಸ್ತಿ ಪಂದ್ಯಗಳನ್ನು ಏರ್ಪಡಿಸಬೇಕಾಯಿತು. 1955ರಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದವರು ಬಹಳ ವರ್ಷ ಅದೇ ಹುದ್ದೆಯಲ್ಲಿ ಉಳಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಸತ್ತ ಎಷ್ಟೋ ವರ್ಷಗಳ ನಂತರ. ಭಾರತದ ಮುಂದಿನ ವೈಯಕ್ತಿಕ ಒಲಿಂಪಿಕ್ ಪದಕಕ್ಕೆ 1996ರವರೆಗೆ ಕಾಯಬೇಕಾಯಿತು. ಗೆದ್ದವನನ್ನು ನೋಡಿಕೊಂಡ ರೀತಿಗೂ 44 ವರ್ಷದ ಆ ಬರಕ್ಕೂ ಸಂಬಂಧವಿಲ್ಲವೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ರಾಜ್ಯದ ಇನ್ನಿಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬರು ಮಾಲತಿ ಹೊಳ್ಳ. ವರ್ಷದ ಮಗುವಾಗಿದ್ದಾಗ ಬಂದ ಜ್ವರದಿಂದ ದೇಹ ಸ್ವಾಧೀನ ತಪ್ಪಿತು. ಚಿಕಿತ್ಸೆಯಿಂದ ಸೊಂಟದ ಮೇಲಿನ ಭಾಗಕ್ಕೆ ಮಾತ್ರ ಬಲ ಬಂತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಗಾಲಿಕುರ್ಚಿಯ ಓಟ, ಗುಂಡು ಎಸೆತ, ಭರ್ಜಿ ಎಸೆತಗಳಲ್ಲಿ ದೇಶ ವಿದೇಶಗಳಲ್ಲಿ ಪದಕ ಗೆದ್ದರು. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾಗವಹಿಸಿದರು. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಗೌರವ ಸಂದವು. ಹೊಟ್ಟೆಪಾಡಿಗೆ ಬ್ಯಾಂಕ್ ನೌಕರಿ ಮಾಡಿದರು. ಅದರ ಜೊತೆಗೆ ಬೆಂಗಳೂರಿನಲ್ಲಿ ಮಾತೃ ಫೌಂಡೇಷನ್ ಸ್ಥಾಪಿಸಿ, ಅಂಗವಿಕಲ ಮಕ್ಕಳಿಗೆ ಆಶ್ರಯ ಮತ್ತು ವಿದ್ಯೆಯ ವ್ಯವಸ್ಥೆ ಮಾಡಿದರು.

ಇನ್ನೊಬ್ಬರು ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್. ಒಂದು ಕಾಲಿನ ನ್ಯೂನತೆಯೊಂದಿಗೇ ಹುಟ್ಟಿದ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. 2013ರಲ್ಲಿ ಪದ್ಮಶ್ರೀ, 2014ರಲ್ಲಿ ಅರ್ಜುನ ಪ್ರಶಸ್ತಿ. ಆಮೇಲೆ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ತರಬೇತುದಾರರಾದರು. ಪೊವೆಲ್, ಮಾಲತಿ, ಗಿರೀಶ್ ಮೂವರ ಬದುಕಿನಲ್ಲೂ ಎರಡು ಸಂಗತಿ ಸಮಾನ. ಯಾರೋ ಒಂದು ಕೆಲಸ ಕೊಟ್ಟರು. ಆ ಕೆಲಸದ ನೆಲೆಯ ಮೇಲೆ ನಿಂತು ಅವರು ಮತ್ತೆ ಮಕ್ಕಳ ಕಡೆಗೆ ಬಂದರು.

ಈಗ ನಮ್ಮ ರಿಜಿಸ್ಟರಿಗೆ ಮರಳುತ್ತೇನೆ. 1998ನೇ ಇಸವಿಯ ಪುಟದಲ್ಲಿ ಒಬ್ಬ ಹುಡುಗನ ಹೆಸರಿದೆ. ಹತ್ತನೇ ತರಗತಿ, 1500 ಮೀಟರ್, ಜಿಲ್ಲೆಗೆ ಪ್ರಥಮ. ಅವನ ಒಪ್ಪಿಗೆ ಕೇಳಿಲ್ಲವಾದ್ದರಿಂದ ಹೆಸರು ಬರೆಯುವುದಿಲ್ಲ. ಊರಿನ ಹಳಬರಿಗೆ ಗೊತ್ತಾಗುತ್ತದೆ. ತಂದೆ ರೇಷ್ಮೆ ರೀಲರ್. ಮನೆಯಲ್ಲೇ ಚರಕ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಗೂಡು ತಂದು, ಬೇಯಿಸಿ, ನೂಲು ತೆಗೆಯುವ ಕೆಲಸ. ಹುಡುಗನನ್ನು ಕ್ರೀಡಾ ವಸತಿ ನಿಲಯದ ಆಯ್ಕೆಗೆ ಕಳುಹಿಸಬೇಕೆಂದು ನಮ್ಮ ದೈಹಿಕ ಶಿಕ್ಷಕರು ಹೇಳಿದರು. ತಂದೆ ನನ್ನ ಬಳಿ ಬಂದು, "ನೀವು ಹೆಂಗೆ ಹೇಳ್ತೀರೋ ಹಂಗೆ ಸಾರ್" ಎಂದರು. ನಾನು ಹುಡುಗನನ್ನು ಕರೆದು, "ಪದಕ ಹೊಟ್ಟೆ ತುಂಬಿಸಲ್ಲ ಕಣಪ್ಪ, ಮೊದಲು ಎಸ್.ಎಸ್.ಎಲ್.ಸಿ. ಪಾಸು ಮಾಡು" ಎಂದು ಬುದ್ಧಿ ಹೇಳಿದೆ. ಅವನು ಆಯ್ಕೆಗೆ ಹೋಗಲಿಲ್ಲ. ಗಣಿತದಲ್ಲಿ ಫೇಲಾದ. ಚರಕದ ಮುಂದೆ ಕೂತ.

ನಾನು ಹೇಳಿದ್ದು ಸುಳ್ಳೇನಲ್ಲ. ನಾನು ಕಂಡಿದ್ದನ್ನೇ ಹೇಳಿದೆ. ಆದರೆ ಹೊಟ್ಟೆ ತುಂಬುವ ದಾರಿ ಯಾವುದಿದೆ ಎಂದು ವಿಚಾರಿಸುವುದು ಶಿಕ್ಷಕನಾದ ನನ್ನ ಕೆಲಸವಾಗಿತ್ತು. ಅದನ್ನು ನಾನು ಮಾಡಲಿಲ್ಲ. ಇತಿಹಾಸ ಪಾಠ ಹೇಳುವವನಿಗೆ ಪೊವೆಲ್ ಅವರ ಬದುಕು ಆಗ ಗೊತ್ತಿರಲಿಲ್ಲ ಎಂಬುದೂ ನಾಚಿಕೆಯ ಸಂಗತಿಯೇ.

ಆ ಹುಡುಗನಿಗೆ ಈಗ ನಲವತ್ತು ದಾಟಿದೆ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬಿಳಿಚಿಕೊಂಡಿವೆ. ಆದರೂ ಎಷ್ಟೋ ವರ್ಷಗಳಿಂದ ಶಾಲೆಯ ಕ್ರೀಡಾಕೂಟದ ಹಿಂದಿನ ಸಂಜೆ ತಪ್ಪದೆ ಬರುತ್ತಾನೆ. ಹಗ್ಗ ಹಿಡಿದು ಟ್ರ್ಯಾಕಿಗೆ ಸುಣ್ಣದ ಗೆರೆ ಎಳೆಯುತ್ತಾನೆ. ಮಕ್ಕಳ ಓಟದ ಸಮಯವನ್ನು ಮೊಬೈಲಿನಲ್ಲಿ ನೋಡಿ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಯಾರೂ ಕರೆದದ್ದಲ್ಲ, ಯಾರೂ ಹಣ ಕೊಟ್ಟದ್ದಲ್ಲ. ಈ ಲೇಖನಕ್ಕಾಗಿ ಮಾತನಾಡಿಸಲು ಹೋದಾಗ ತನ್ನ ಬಗ್ಗೆ ಏನೂ ಹೇಳಲಿಲ್ಲ. ಎಂಟನೇ ತರಗತಿಯ ಒಬ್ಬ ಹುಡುಗಿಯ ಕಡೆ ಕೈ ತೋರಿಸಿ, "ಸಾರ್, ಆ ಹುಡುಗಿ ಚೆನ್ನಾಗಿ ಓಡ್ತಾಳೆ. ಅವರಪ್ಪ ನಿಮ್ಮನ್ನ ಕೇಳಕ್ಕೆ ಬತ್ತಾರೆ. ಬೇಡ ಅಂತ ಮಾತ್ರ ಅನ್ನಬೇಡಿ" ಎಂದ. ನಾನು ಏನು ಉತ್ತರ ಕೊಡಲಿ?

ಆ ತಂದೆ ಬಂದರು. ಈ ಸಲ ನಾನು ಬುದ್ಧಿ ಹೇಳಲಿಲ್ಲ. ದೈಹಿಕ ಶಿಕ್ಷಕಿಯವರನ್ನೂ ಕೂಡಿಸಿಕೊಂಡು, ಕ್ರೀಡಾ ವಸತಿ ನಿಲಯದ ಆಯ್ಕೆ ಯಾವಾಗ, ಓದು ಹೇಗೆ ಮುಂದುವರಿಯುತ್ತದೆ, ಗಾಯವಾದರೆ ಏನು ಗತಿ, ಮುಂದೆ ಕ್ರೀಡಾ ಕೋಟಾದಲ್ಲಿ ಯಾವ ಕೆಲಸಗಳಿವೆ ಎಂದು ಒಂದೊಂದಾಗಿ ಕಾಗದದಲ್ಲಿ ಬರೆದುಕೊಟ್ಟೆವು. ತೀರ್ಮಾನ ಅವರದು. ಹುಡುಗಿ ಪದಕ ಗೆಲ್ಲುತ್ತಾಳೋ ಇಲ್ಲವೋ ಹೇಳಲಾಗದು. ಸೋತರೂ ಅವಳಿಗೊಂದು ಮರುದಿನ ಇರುತ್ತದೆ ಎಂದು ಈಗಲೇ ಯೋಚಿಸಿದ್ದೇವೆ, ಅಷ್ಟೆ.

ಸುವರ್ಣ ಮಹೋತ್ಸವ ಸಮಿತಿಯವರಿಗೆ ನನ್ನದೊಂದು ವಿನಂತಿ. ಶಾಲೆಗೆ ಹೊಸ ಕ್ರೀಡಾ ರಿಜಿಸ್ಟರ್ ತರಿಸಿ, ಅದರಲ್ಲಿ ಆರನೆಯದಾಗಿ 'ಮುಂದೆ' ಎಂಬ ಕಾಲಂ ಹಾಕಿಸಿರಿ. ಈ ಐವತ್ತು ವರ್ಷಗಳಲ್ಲಿ ಇಲ್ಲಿ ಓಡಿದ, ಜಿಗಿದ, ಎಸೆದ ಹಳೆಯ ವಿದ್ಯಾರ್ಥಿಗಳು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಿ ತುಂಬಿಸೋಣ. ಇದನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ತಾವೇ ಬಂದು ಬರೆದರೆ ಇನ್ನೂ ಒಳ್ಳೆಯದು. 1998ರ ಪುಟದ ಆ ಹೆಸರಿನ ಮುಂದೆ ನಾನು ಈಗಾಗಲೇ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: 'ರೇಷ್ಮೆ ರೀಲರ್. ಪ್ರತಿ ವರ್ಷ ಶಾಲೆಯ ಮೈದಾನಕ್ಕೆ ಗೆರೆ ಹಾಕುತ್ತಾರೆ.' ಅವನ ಒಪ್ಪಿಗೆ ಪಡೆದು ಶಾಯಿಯಲ್ಲಿ ಬರೆಯುವುದು ಬಾಕಿಯಿದೆ.