ನ್ಯಾಟ್ ಹೆಂಟಾಫ್

ನ್ಯಾಟ್ ಹೆಂಟಾಫ್ (ಜೂನ್ 10, 1925 – ಜನವರಿ 7, 2017) ಅಮೆರಿಕ ಸಂಯುಕ್ತ ಸಂಸ್ಥಾನದ ಪತ್ರಕರ್ತ, ಅಂಕಣಕಾರ, ಜಾಝ್ ಸಂಗೀತ ವಿಮರ್ಶಕ ಮತ್ತು ಲೇಖಕ. ಇವರ ಪೂರ್ಣ ಹೆಸರು ನೇಥನ್ ಅರ್ವಿಂಗ್ ಹೆಂಟಾಫ್. ಆರು ದಶಕಗಳಿಗೂ ಹೆಚ್ಚು ಕಾಲ ಇವರು ಸಂಗೀತ, ಶಿಕ್ಷಣ, ನ್ಯಾಯಾಂಗ, ಪತ್ರಿಕಾರಂಗ ಹಾಗೂ ನಾಗರಿಕ ಹಕ್ಕುಗಳನ್ನು ಕುರಿತು ಹಲವು ಪತ್ರಿಕೆಗಳಲ್ಲಿ ಬರೆದರು. 'ವಿಲೇಜ್ ವಾಯ್ಸ್' ವಾರಪತ್ರಿಕೆಯಲ್ಲಿ ಇವರ ಅಂಕಣ ಐವತ್ತು ವರ್ಷ ಪ್ರಕಟವಾಯಿತು. ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ರಕ್ಷಿಸುವ ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಯ ಪ್ರಬಲ ಸಮರ್ಥಕರೆಂದು ಇವರು ಹೆಸರಾಗಿದ್ದಾರೆ.

ಬಾಲ್ಯ ಮತ್ತು ಶಿಕ್ಷಣ

ಹೆಂಟಾಫ್ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ನಗರದಲ್ಲಿ, ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ ಜನಿಸಿದರು. ಹನ್ನೊಂದನೆಯ ವಯಸ್ಸಿನಲ್ಲಿ ಬಾಸ್ಟನ್ನಿನ ಬೀದಿಯೊಂದರಲ್ಲಿ ಹೋಗುತ್ತಿದ್ದಾಗ, ಧ್ವನಿಮುದ್ರಿಕೆಗಳ ಅಂಗಡಿಯಿಂದ ಕ್ಲಾರಿನೆಟ್ ವಾದಕ ಆರ್ಟಿ ಶಾ ಅವರ ಸಂಗೀತ ಕೇಳಿಬಂದು, ತಾವು ನಡುಬೀದಿಯಲ್ಲೇ ಸಂತೋಷದಿಂದ ಕೂಗಿದುದಾಗಿ ಅವರು ಮುಂದೆ ಸ್ಮರಿಸಿಕೊಂಡಿದ್ದಾರೆ. ಜಾಝ್ ಸಂಗೀತದ ಮೇಲಿನ ಅವರ ಆಸಕ್ತಿ ಅಲ್ಲಿಂದ ಆರಂಭವಾಯಿತು.

ಬಾಸ್ಟನ್ ಲ್ಯಾಟಿನ್ ಶಾಲೆಯಲ್ಲಿ ಓದಿದ ನಂತರ ಅವರು ನಾರ್ತ್ ಈಸ್ಟರ್ನ್ ವಿಶ್ವವಿದ್ಯಾಲಯವನ್ನು ಸೇರಿ 1946ರಲ್ಲಿ ಪದವಿ ಪಡೆದರು. ಅಲ್ಲಿ ವಿದ್ಯಾರ್ಥಿ ಪತ್ರಿಕೆಯ ಸಂಪಾದಕರಾಗಿದ್ದಾಗ, ಪತ್ರಿಕೆಯಲ್ಲಿ ಏನನ್ನು ಪ್ರಕಟಿಸಬೇಕೆಂಬುದರ ಮೇಲೆ ಆಡಳಿತ ವರ್ಗವು ನಿರ್ಬಂಧ ಹೇರಿತು. ಇದನ್ನು ಒಪ್ಪದೆ ಅವರು ಆ ಸ್ಥಾನಕ್ಕೆ ರಾಜೀನಾಮೆ ನೀಡಿದರು. ಅಭಿವ್ಯಕ್ತಿ ಸ್ವಾತಂತ್ರ್ಯದ ಬಗೆಗಿನ ತಮ್ಮ ನಿಷ್ಠೆಗೆ ಈ ಘಟನೆಯೇ ಮೂಲವೆಂದು ಅವರು ಹೇಳಿಕೊಂಡಿದ್ದಾರೆ. ಬಳಿಕ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿಯೂ, ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಪ್ಯಾರಿಸ್ಸಿನ ಸಾರ್ಬಾನ್‌ನಲ್ಲಿಯೂ ಅಧ್ಯಯನ ಮಾಡಿದರು. ಇದೇ ಕಾಲದಲ್ಲಿ ಬಾಸ್ಟನ್ನಿನ ಬಾನುಲಿ ಕೇಂದ್ರವೊಂದರಲ್ಲಿ ಜಾಝ್ ಕಾರ್ಯಕ್ರಮಗಳನ್ನು ನಡೆಸಿಕೊಡುತ್ತಿದ್ದರು.

ಸಂಗೀತ ಬರವಣಿಗೆ

1952ರಲ್ಲಿ ಹೆಂಟಾಫ್ 'ಡೌನ್ ಬೀಟ್' ಎಂಬ ಜಾಝ್ ನಿಯತಕಾಲಿಕಕ್ಕೆ ಅಂಕಣ ಬರೆಯತೊಡಗಿದರು. ಮರುವರ್ಷ ನ್ಯೂಯಾರ್ಕಿಗೆ ಬಂದು ಅದರ ಸಂಪಾದಕ ವರ್ಗವನ್ನು ಸೇರಿದರು. 1957ರಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಕರಿಯ ಜನಾಂಗದ ವ್ಯಕ್ತಿಯೊಬ್ಬರನ್ನು ಕಚೇರಿಯ ಕೆಲಸಕ್ಕೆ ಸೇರಿಸಿಕೊಳ್ಳಲು ಯತ್ನಿಸಿದ್ದೇ ಇದಕ್ಕೆ ಕಾರಣವೆಂಬುದು ಹೆಂಟಾಫ್ ಅವರ ಹೇಳಿಕೆ. ಅಂದಿನಿಂದ ಅವರು ಹಲವು ಪತ್ರಿಕೆಗಳಿಗೆ ಬರೆಯುವ ಸ್ವತಂತ್ರ ಪತ್ರಕರ್ತರಾದರು. 1958ರಲ್ಲಿ ಮಾರ್ಟಿನ್ ವಿಲಿಯಮ್ಸ್ ಅವರೊಂದಿಗೆ ಸೇರಿ 'ಜಾಝ್ ರಿವ್ಯೂ' ಎಂಬ ವಿಮರ್ಶಾ ಪತ್ರಿಕೆಯನ್ನು ಆರಂಭಿಸಿದರು.

ಸಂಗೀತಗಾರರ ಮಾತುಗಳಿಗೆ ಪ್ರಾಧಾನ್ಯ ನೀಡುವುದು ಹೆಂಟಾಫ್ ಅವರ ಬರವಣಿಗೆಯ ವಿಶೇಷ. ನ್ಯಾಟ್ ಶಪೀರೊ ಅವರ ಜೊತೆಗೂಡಿ ಸಂಪಾದಿಸಿದ 'ಹಿಯರ್ ಮಿ ಟಾಕಿನ್ ಟು ಯಾ' (1955) ಗ್ರಂಥದಲ್ಲಿ ಜಾಝ್ ಸಂಗೀತದ ಇತಿಹಾಸವನ್ನು ಅದನ್ನು ನುಡಿಸಿದವರೇ ಹೇಳುತ್ತಾರೆ.

1957ರ ಡಿಸೆಂಬರ್ 8ರಂದು ಸಿಬಿಎಸ್ ವಾಹಿನಿಯಲ್ಲಿ ನೇರ ಪ್ರಸಾರವಾದ 'ದಿ ಸೌಂಡ್ ಆಫ್ ಜಾಝ್' ಕಾರ್ಯಕ್ರಮಕ್ಕೆ ಕಲಾವಿದರನ್ನು ಆಯ್ಕೆ ಮಾಡಿದವರು ಹೆಂಟಾಫ್ ಮತ್ತು ವಿಮರ್ಶಕ ವಿಟ್ನಿ ಬ್ಯಾಲಿಯೆಟ್. ಮಾದಕದ್ರವ್ಯ ಪ್ರಕರಣದಲ್ಲಿ ಸೆರೆವಾಸ ಅನುಭವಿಸಿದ್ದ ಗಾಯಕಿ ಬಿಲ್ಲಿ ಹಾಲಿಡೇ ಅವರನ್ನು ಕೈಬಿಡಬೇಕೆಂಬ ಒತ್ತಾಯ ಪ್ರಾಯೋಜಕರಿಂದ ಬಂದಿತೆಂದೂ, ಹಾಗೆ ಮಾಡಿದರೆ ತಾವೆಲ್ಲರೂ ಹೊರನಡೆಯುವುದಾಗಿ ತಿಳಿಸಿದ ಮೇಲೆ ಅದು ನಿಂತಿತೆಂದೂ ಹೆಂಟಾಫ್ ಬರೆದಿದ್ದಾರೆ. ಆ ಕಾರ್ಯಕ್ರಮದಲ್ಲಿ ಹಾಲಿಡೇ ಅವರು ತಮ್ಮ ಹಳೆಯ ಸ್ನೇಹಿತ, ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರೊಂದಿಗೆ 'ಫೈನ್ ಅಂಡ್ ಮೆಲೊ' ಗೀತೆಯನ್ನು ಹಾಡಿದರು. ಇಬ್ಬರೂ 1959ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ನಿಧನರಾದುದರಿಂದ ಈ ದೃಶ್ಯಮುದ್ರಣವು ಜಾಝ್ ಇತಿಹಾಸದ ಅಮೂಲ್ಯ ದಾಖಲೆಯಾಗಿ ಉಳಿದಿದೆ.

1960–61ರಲ್ಲಿ ಹೆಂಟಾಫ್ ಕ್ಯಾಂಡಿಡ್ ಎಂಬ ಧ್ವನಿಮುದ್ರಣ ಸಂಸ್ಥೆಯ ಕಲಾ ನಿರ್ದೇಶಕರಾಗಿದ್ದರು. ಕರಿಯರ ನಾಗರಿಕ ಹಕ್ಕುಗಳ ಹೋರಾಟವನ್ನು ವಸ್ತುವಾಗುಳ್ಳ ಮ್ಯಾಕ್ಸ್ ರೋಚ್ ಅವರ 'ವಿ ಇನ್ಸಿಸ್ಟ್!' ಈ ಅವಧಿಯಲ್ಲಿ ಹೊರಬಂದಿತು. ಅರ್ಕಾನ್ಸಾ ರಾಜ್ಯದ ವರ್ಣಭೇದವಾದಿ ಗವರ್ನರ್ ಆರ್ವಲ್ ಫಾಬಸ್ ಅವರನ್ನು ಲೇವಡಿ ಮಾಡುವ ಚಾರ್ಲ್ಸ್ ಮಿಂಗಸ್ ಅವರ ರಚನೆಯೊಂದು 1959ರಲ್ಲಿ ಬೇರೊಂದು ಸಂಸ್ಥೆಯಿಂದ ಬಂದಾಗ ಕೇವಲ ವಾದ್ಯಸಂಗೀತವಾಗಿತ್ತು. ಕ್ಯಾಂಡಿಡ್ ಸಂಸ್ಥೆಯು ಅದನ್ನು ಸಾಹಿತ್ಯಸಹಿತವಾಗಿ ಪ್ರಕಟಿಸಿತು.

ಹೆಂಟಾಫ್ ಜಾಝ್ ಸಂಗೀತಕ್ಕಷ್ಟೇ ಸೀಮಿತರಾಗಿರಲಿಲ್ಲ. ಬಾಬ್ ಡಿಲನ್ ಅವರ 'ದಿ ಫ್ರೀವೀಲಿನ್ ಬಾಬ್ ಡಿಲನ್' (1963) ಧ್ವನಿಮುದ್ರಿಕೆಯ ಹೊದಿಕೆಯ ಮೇಲಿನ ಟಿಪ್ಪಣಿ ಇವರದೇ. 1964ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಗಾಗಿ ಡಿಲನ್ ಅವರ ಧ್ವನಿಮುದ್ರಣವೊಂದರಲ್ಲಿ ಹಾಜರಿದ್ದು ದೀರ್ಘ ವ್ಯಕ್ತಿಚಿತ್ರ ಬರೆದರು. 1966ರಲ್ಲಿ 'ಪ್ಲೇಬಾಯ್' ಪತ್ರಿಕೆಗಾಗಿ ಮಾಡಿದ ಸಂದರ್ಶನದ ಸಂಪಾದಿತ ಪ್ರತಿ ಡಿಲನ್ ಅವರಿಗೆ ಒಪ್ಪಿಗೆಯಾಗದಿದ್ದಾಗ, ಇಬ್ಬರೂ ದೂರವಾಣಿಯಲ್ಲಿ ಮತ್ತೊಮ್ಮೆ ಮಾತನಾಡಿ, ಹಾಸ್ಯೋಕ್ತಿಗಳಿಂದ ತುಂಬಿದ ಹೊಸ ಸಂದರ್ಶನವನ್ನು ಸಿದ್ಧಪಡಿಸಿದರು.

ಸುದ್ದಿ ಮತ್ತು ಮಾಧ್ಯಮ ಬರವಣಿಗೆ

ಐವತ್ತರ ದಶಕದ ಕೊನೆಗೆ ಸಂಪಾದಕರೆಲ್ಲರೂ ಹೆಂಟಾಫ್ ಅವರನ್ನು ಜಾಝ್ ಲೇಖಕರೆಂದೇ ಗುರುತಿಸುತ್ತಿದ್ದರು. ಬೇರೆ ವಿಷಯಗಳ ಮೇಲೆ ಬರೆಯಲು ಅವಕಾಶ ಬಯಸಿ, 1958ರಲ್ಲಿ ಅವರು ಆರಂಭದಲ್ಲಿ ಯಾವುದೇ ಸಂಭಾವನೆಯಿಲ್ಲದೆ 'ವಿಲೇಜ್ ವಾಯ್ಸ್' ಸೇರಿದರು. ಅಲ್ಲಿ ಶಾಲೆಗಳು, ಪೊಲೀಸ್ ವ್ಯವಸ್ಥೆ, ನ್ಯಾಯಾಲಯಗಳು ಮತ್ತು ಪತ್ರಿಕೆಗಳ ಕಾರ್ಯವೈಖರಿಯನ್ನು ಕುರಿತು ಬರೆದರು. 1960ರಿಂದ 1986ರವರೆಗೆ 'ನ್ಯೂಯಾರ್ಕರ್' ಪತ್ರಿಕೆಯ ಲೇಖಕರಾಗಿಯೂ, 1984ರಿಂದ 2000ದವರೆಗೆ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ಅಂಕಣಕಾರರಾಗಿಯೂ ಇದ್ದರು.

ಹಾರ್ಲೆಮ್ ಪ್ರದೇಶದ ಬಡ ಮಕ್ಕಳ ಶಾಲೆಯೊಂದನ್ನು ಕುರಿತ 'ಅವರ್ ಚಿಲ್ಡ್ರನ್ ಆರ್ ಡೈಯಿಂಗ್' (1966) ಅವರ ಗಮನಾರ್ಹ ವರದಿಗಾರಿಕೆಗೆ ಉದಾಹರಣೆ. ಶಾಲಾ ಗ್ರಂಥಾಲಯಗಳಿಂದ ಪುಸ್ತಕಗಳನ್ನು ತೆಗೆದುಹಾಕುವ ಪ್ರಯತ್ನಗಳನ್ನು ಅವರು ಸತತವಾಗಿ ವಿರೋಧಿಸಿದರು. ಮಾರ್ಕ್ ಟ್ವೈನ್ ಅವರ ಹಕಲ್‌ಬೆರಿ ಫಿನ್ ಕಾದಂಬರಿಯನ್ನು ಶಾಲೆಯೊಂದರಲ್ಲಿ ನಿಷೇಧಿಸಲು ಹೊರಟ ಪ್ರಸಂಗವೇ ಅವರ 'ದಿ ಡೇ ದೇ ಕೇಮ್ ಟು ಅರೆಸ್ಟ್ ದಿ ಬುಕ್' (1982) ಎಂಬ ಕಿರಿಯರ ಕಾದಂಬರಿಯ ವಸ್ತು.

ವಿವಾದಾತ್ಮಕ ನಿಲುವುಗಳು

ತಮಗೆ ಒಪ್ಪಿಗೆಯಿಲ್ಲದ ಮಾತಿಗೂ ರಕ್ಷಣೆ ಇರಬೇಕೆಂಬುದು ಹೆಂಟಾಫ್ ಅವರ ವಾದವಾಗಿತ್ತು. ಎಪ್ಪತ್ತರ ದಶಕದಲ್ಲಿ, ಯಹೂದಿಗಳು ಹೆಚ್ಚಾಗಿ ವಾಸಿಸುತ್ತಿದ್ದ ಇಲಿನಾಯ್ ರಾಜ್ಯದ ಸ್ಕೋಕಿ ಪಟ್ಟಣದಲ್ಲಿ ನಾಜಿವಾದಿ ಗುಂಪೊಂದು ಮೆರವಣಿಗೆ ನಡೆಸಲು ಮುಂದಾದಾಗ, ಸ್ವತಃ ಯಹೂದಿಯಾಗಿದ್ದರೂ ಅವರು ಆ ಗುಂಪಿನ ಅಭಿವ್ಯಕ್ತಿಯ ಹಕ್ಕನ್ನು ಸಮರ್ಥಿಸಿದರು. ಇತರರ ಬಾಯಿ ಮುಚ್ಚಿಸುವ ಪ್ರವೃತ್ತಿ ಎಡಪಂಥೀಯರಲ್ಲಿಯೂ ಬಲಪಂಥೀಯರಲ್ಲಿಯೂ ಸಮಾನವಾಗಿದೆಯೆಂದು 'ಫ್ರೀ ಸ್ಪೀಚ್ ಫಾರ್ ಮಿ—ಬಟ್ ನಾಟ್ ಫಾರ್ ದೀ' (1992) ಗ್ರಂಥದಲ್ಲಿ ಪ್ರತಿಪಾದಿಸಿದರು.

ನಾಸ್ತಿಕರೂ ಎಡಪಂಥೀಯ ಒಲವುಳ್ಳವರೂ ಆಗಿದ್ದ ಹೆಂಟಾಫ್, ಎಂಬತ್ತರ ದಶಕದಲ್ಲಿ ಗರ್ಭಪಾತವನ್ನು ವಿರೋಧಿಸತೊಡಗಿದರು. ಇದರಿಂದ 'ವಿಲೇಜ್ ವಾಯ್ಸ್' ಪತ್ರಿಕೆಯ ಕೆಲವು ಸಹೋದ್ಯೋಗಿಗಳು ಅವರೊಂದಿಗೆ ಮಾತು ಬಿಟ್ಟರು. 2003ರಲ್ಲಿ ಇರಾಕ್ ಮೇಲಿನ ದಾಳಿಯನ್ನು ಅವರು ಬೆಂಬಲಿಸಿದರು. ಆದರೆ ಅದೇ ಸರ್ಕಾರವು ಭಯೋತ್ಪಾದನೆ ತಡೆಯ ಹೆಸರಿನಲ್ಲಿ ತಂದ ಪೇಟ್ರಿಯಟ್ ಕಾಯಿದೆಯನ್ನು ಕಟುವಾಗಿ ಟೀಕಿಸಿದರು. ಹೀಗಾಗಿ ಯಾವುದೇ ಒಂದು ಬಣವು ಅವರನ್ನು ಸಂಪೂರ್ಣವಾಗಿ ತನ್ನವರೆಂದು ಹೇಳಿಕೊಳ್ಳುವುದು ಸಾಧ್ಯವಾಗಲಿಲ್ಲ.

ಪ್ರಶಸ್ತಿ ಮತ್ತು ಗೌರವಗಳು

1972ರಲ್ಲಿ ಹೆಂಟಾಫ್ ಅವರಿಗೆ ಗುಗೆನ್‌ಹೈಮ್ ಫೆಲೋಶಿಪ್ ದೊರೆಯಿತು. ಕಾನೂನು ಮತ್ತು ಅಪರಾಧ ನ್ಯಾಯವನ್ನು ಕುರಿತ ಅಂಕಣಗಳಿಗಾಗಿ 1980ರಲ್ಲಿ ಅಮೆರಿಕದ ವಕೀಲರ ಸಂಘವು ಸಿಲ್ವರ್ ಗ್ಯಾವೆಲ್ ಪ್ರಶಸ್ತಿಯನ್ನಿತ್ತಿತು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ದತ್ತಿಯು ಅವರನ್ನು 'ಜಾಝ್ ಮಾಸ್ಟರ್' ಎಂದು ಗೌರವಿಸಿತು. ಸಂಗೀತಗಾರರಲ್ಲದವರೊಬ್ಬರಿಗೆ ಈ ಗೌರವ ಸಂದದ್ದು ಅದೇ ಮೊದಲು. ಅವರ ಜೀವನವನ್ನು ಕುರಿತು ಡೇವಿಡ್ ಎಲ್. ಲೂಯಿಸ್ 'ದಿ ಪ್ಲೆಷರ್ಸ್ ಆಫ್ ಬೀಯಿಂಗ್ ಔಟ್ ಆಫ್ ಸ್ಟೆಪ್' (2013) ಎಂಬ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದರು.

ಕೊನೆಯ ವರ್ಷಗಳು

2008ರ ಡಿಸೆಂಬರ್ 31ರಂದು, 83ನೆಯ ವಯಸ್ಸಿನಲ್ಲಿ, ಹೆಂಟಾಫ್ ಅವರನ್ನು 'ವಿಲೇಜ್ ವಾಯ್ಸ್' ಕೆಲಸದಿಂದ ಬಿಡುಗಡೆ ಮಾಡಿತು. ಆದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 2009ರಲ್ಲಿ ಕೇಟೊ ಸಂಸ್ಥೆಯ ಹಿರಿಯ ಫೆಲೋ ಆಗಿ, ರಾಜಕೀಯ ಮತ್ತು ಸಂಗೀತ ಎರಡನ್ನೂ ಕುರಿತು ಬರೆಯುವುದನ್ನು ಮುಂದುವರಿಸಿದರು. 2017ರ ಜನವರಿ 7ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ತಮ್ಮ 91ನೆಯ ವಯಸ್ಸಿನಲ್ಲಿ ನಿಧನರಾದರು. ಆಗ ಅವರು ಕುಟುಂಬದವರ ನಡುವೆ ಬಿಲ್ಲಿ ಹಾಲಿಡೇ ಅವರ ಹಾಡುಗಳನ್ನು ಕೇಳುತ್ತಿದ್ದರೆಂದು ಅವರ ಪುತ್ರ ತಿಳಿಸಿದರು.

ಇತರ ಪ್ರಮುಖ ಕೃತಿಗಳು

ದಿ ಜಾಝ್ ಲೈಫ್ (1961)
ಪೀಸ್ ಅಜಿಟೇಟರ್ (1963) – ಶಾಂತಿವಾದಿ ಎ. ಜೆ. ಮಸ್ಟಿ ಅವರ ಜೀವನಚರಿತ್ರೆ
ಜಾಝ್ ಕಂಟ್ರಿ (1965) – ಕಿರಿಯರಿಗಾಗಿ ಕಾದಂಬರಿ
ದಿ ಫಸ್ಟ್ ಫ್ರೀಡಮ್ (1980) – ಅಭಿವ್ಯಕ್ತಿ ಸ್ವಾತಂತ್ರ್ಯದ ಇತಿಹಾಸ
ಬಾಸ್ಟನ್ ಬಾಯ್ (1986) – ಆತ್ಮಕಥನ
ಸ್ಪೀಕಿಂಗ್ ಫ್ರೀಲಿ (1997) – ಆತ್ಮಕಥನದ ಮುಂದಿನ ಭಾಗ