ಮಾಡಿನ ಮೇಲಿನ ಮೀನಿನ ಮುಳ್ಳು

1980ರ ದಶಕದಲ್ಲಿ ಯಾರ ಮನೆಗೆ ಟಿ.ವಿ. ಬಂದಿದೆ ಎಂಬುದು ಬೀದಿಗೆ ತಿಳಿಯುತ್ತಿದ್ದುದು ಮಾಡಿನ ಮೇಲಿನ ಆಂಟೆನಾದಿಂದ. ಒಬ್ಬ ಮೇಲೆ ಹತ್ತಿ ಪೈಪು ತಿರುಗಿಸಬೇಕು, ಒಳಗಿದ್ದವರು 'ಬಂತು ಬಂತು... ಹೋಯ್ತು' ಎಂದು ಕೂಗಬೇಕು. ಗಿಡ್ಡ ಕಡ್ಡಿಗಳು ಪ್ರಸಾರ ಗೋಪುರದತ್ತ ಮುಖ ಮಾಡಿದರೆ ಚಿತ್ರ ನಿಲ್ಲುತ್ತಿತ್ತು. ವಿಚಿತ್ರವೆಂದರೆ, ಅಷ್ಟು ಕಡ್ಡಿಗಳಲ್ಲಿ ವಯರು ಜೋಡಿಸುತ್ತಿದ್ದುದು ಒಂದಕ್ಕೆ ಮಾತ್ರ. ಹಿಂದಿನ ಉದ್ದ ಕಡ್ಡಿ ಅಲೆಗಳನ್ನು ಮರಳಿಸಿ, ಮುಂದಿನ ಗಿಡ್ಡ ಕಡ್ಡಿಗಳು ಸೆಳೆದು ಅದಕ್ಕೆ ಒದಗಿಸುತ್ತವೆ. (1975-76ರಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳಿಗೆ ಉಪಗ್ರಹದಿಂದ ಟಿ.ವಿ. ತೋರಿಸಿದ ತಂತಿಬಲೆಯ ಬೋಗುಣಿಗಳ ಕತೆ ಬೇರೆ.)

ಈ ಜೋಡಣೆ ಜಪಾನಿನದು. ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಪ್ರೊ. ಹಿದೆತ್ಸುಗು ಯಾಗಿ ಮತ್ತು ಅವರ ಸಹೋದ್ಯೋಗಿ ಶಿಂತಾರೊ ಉಡಾ 1926ರಲ್ಲಿ ಇದನ್ನು ಪ್ರಕಟಿಸಿದರು. ಪ್ರಯೋಗಗಳಲ್ಲಿ ಬಹುಪಾಲು ದುಡಿಮೆ ಉಡಾ ಅವರದು. ಆದರೆ ಪೇಟೆಂಟು ಯಾಗಿಯವರ ಹೆಸರಿನಲ್ಲಿತ್ತು, ಹೊರಜಗತ್ತು ಓದಿದ 1928ರ ಇಂಗ್ಲಿಷ್ ಪ್ರಬಂಧವೂ ಅವರದೇ. ಅದರಲ್ಲಿ ಅವರು ಉಡಾರನ್ನು ಸ್ಮರಿಸಿದ್ದರು ನಿಜ. ಜನರ ಬಾಯಲ್ಲಿ ಉಳಿದದ್ದು ಮಾತ್ರ 'ಯಾಗಿ ಆಂಟೆನಾ'.

ಸ್ವದೇಶದ ಸೇನೆಗೆ ಆ ಹೆಸರೂ ಗೊತ್ತಿರಲಿಲ್ಲ. 1942ರಲ್ಲಿ ಸಿಂಗಾಪುರ ವಶವಾದಾಗ ಬ್ರಿಟಿಷ್ ರಾಡಾರ್ ಸಿಬ್ಬಂದಿಯ ಟಿಪ್ಪಣಿಗಳಲ್ಲಿ 'ಯಾಗಿ' ಎಂಬ ಪದ ಪದೇಪದೇ ಕಂಡಿತು. ಜಪಾನೀಯರು ಸೆರೆಯಾಳನ್ನು ಅರ್ಥ ಕೇಳಿದರು. ಅದು ನಿಮ್ಮದೇ ಪ್ರಾಧ್ಯಾಪಕರ ಹೆಸರು ಎಂದು ಅವನು ತಿಳಿಸಬೇಕಾಯಿತು. ಉಡಾ ಹೆಸರನ್ನು ಅಲ್ಲಿಯೂ ಯಾರೂ ಎತ್ತಲಿಲ್ಲ.